ಅಟ್ಟದ ಕೆಳಗಿನ ಬ್ಯಾಂಡು

ಅಂಗಡಿಗೆ ಬಂದವನೇ ಅವನು ಮೊದಲು ಕೌಂಟರಿನ ಗಾಜಿನ ಮೇಲೆ ಒಂದು ಒಣಗಿದ ತೆಂಗಿನಕಾಯಿ ಇಡುತ್ತಿದ್ದ. “ಗಾಜು ಕಣಯ್ಯ, ಒಡೆದೀತು” ಎಂದು ನಾನು ಬೈಯುವಷ್ಟರಲ್ಲಿ ಅದನ್ನು ಎತ್ತಿ ನನ್ನ ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಬಿಡಿಯಾಗಿದ್ದ ಕೊಬ್ಬರಿ ಉಂಡೆ ಚಿಪ್ಪಿಗೆ ಬಡಿದು ಲೊಟಲೊಟ ಎನ್ನುತ್ತಿತ್ತು.

“ಕೇಳುಸ್ತಾ ಸಾವ್ಕಾರ್ರೇ? ಇದು ಸೌಂಡು ಅಂದ್ರೆ. ನೀವು ಇಲ್ಲಿ ಮಾರ್ತೀರಲ್ಲ, ಅವೆಲ್ಲ ಬರೀ ಎಳನೀರು.”

ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ಕಾಯಿ ಅಲ್ಲಾಡಿಸಿ ನೋಡದ ಮನುಷ್ಯ ನಮ್ಮ ತಿಪಟೂರಿನಲ್ಲಿ ಇಲ್ಲ. ಆದರೆ ಹಾಡು ಕೇಳುವ ಹಾಗೆ ಕಣ್ಣು ಮುಚ್ಚಿಕೊಂಡು ಆ ಸದ್ದು ಕೇಳುತ್ತಿದ್ದವನು ಅವನೊಬ್ಬನೇ. ಕಳೆದ ತಿಂಗಳು ಅವನ ಗೆಳೆಯ ರಂಗಸ್ವಾಮಿ ಬಂದು ಅವನು ತೀರಿಕೊಂಡ ಸುದ್ದಿ ಹೇಳಿದಾಗಿನಿಂದ ಅದು ನನ್ನ ಕಿವಿಯಲ್ಲೂ ಕೂತುಬಿಟ್ಟಿದೆ. ಬರೆದರೆ ಇಳಿದೀತು ಎಂದು ಬರೆಯುತ್ತಿದ್ದೇನೆ.

ಅವನ ಹೆಸರು ಬರೆಯುವುದಿಲ್ಲ. ಅವನು ಮಾಡಿದ ಎರಡು ಕ್ಯಾಸೆಟ್ಟುಗಳ ಮೇಲೂ ಅದು ಇಲ್ಲ. ಹಾಕೋಣ ಎಂದು ನಾನು ಒತ್ತಾಯ ಮಾಡಿದಾಗ “ಬ್ಯಾಂಡಿನ ಹೆಸರೈತಲ್ಲ, ಸಾಕು ಬುಡಿ” ಎಂದಿದ್ದ. ಬ್ಯಾಂಡಿನ ಹೆಸರು ‘ಕರಿಚಿಪ್ಪು’. ಹೆವಿ ಮೆಟಲ್ ಬ್ಯಾಂಡು. ತುರುವೇಕೆರೆ ತಾಲ್ಲೂಕಿನಲ್ಲಿ, ಎಂಬತ್ತರ ದಶಕದ ನಡುವಿನಲ್ಲಿ, ಹೆವಿ ಮೆಟಲ್ ಬ್ಯಾಂಡು! ಈಗ ಹೇಳಿದರೆ ನನ್ನ ಮೊಮ್ಮಗಳೂ ನಂಬುವುದಿಲ್ಲ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಆ ಸಂಗೀತ ಅಂದೂ ಹಿಡಿಸಲಿಲ್ಲ, ಇಂದೂ ಹಿಡಿಸಿಲ್ಲ. ಸತ್ತವರ ಮರ್ಯಾದೆಗೆಂದು ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಆಗ ನನ್ನದು ಬಸ್ ಸ್ಟ್ಯಾಂಡಿನ ಹತ್ತಿರ ಕ್ಯಾಸೆಟ್ ತುಂಬಿಕೊಡುವ ಅಂಗಡಿ. ಜನ ಖಾಲಿ ಕ್ಯಾಸೆಟ್ ತಂದು ಒಂದು ಬದಿಗೆ ದೇವರ ನಾಮ, ಇನ್ನೊಂದು ಬದಿಗೆ ಸಿನಿಮಾ ಹಾಡು ಎಂದು ಹೇಳಿ ಹೋಗುತ್ತಿದ್ದರು. ನನ್ನ ಹತ್ತಿರ ಒಂದು ಒಳ್ಳೆಯ ಟೇಪ್ ಡೆಕ್ಕು, ಎರಡು ಮೈಕು ಇದ್ದವು. ಹರಿಕಥೆ, ನಾಟಕ, ಮದುವೆಯ ಆರ್ಕೆಸ್ಟ್ರಾ ಯಾವುದೇ ಇದ್ದರೂ ಹೊತ್ತುಕೊಂಡು ಹೋಗಿ ರೆಕಾರ್ಡ್ ಮಾಡಿಕೊಡುತ್ತಿದ್ದೆ. ಒಂದು ಭಾನುವಾರ ಸಣಕಲು ಆಳೊಬ್ಬ ಒಂದು ಕ್ಯಾಸೆಟ್ ತಂದು ಇದರ ಇನ್ನೊಂದು ಪ್ರತಿ ಬೇಕು ಎಂದ. ಹಾಕಿದೆ. ಶಿವ ಶಿವಾ! ಯಾರೋ ತಗಡಿನ ಷೀಟುಗಳನ್ನು ಎಳೆದಾಡಿಕೊಂಡು ಜಗಳ ಆಡುತ್ತಿದ್ದರು. ಟೇಪು ಸಿಕ್ಕಿಕೊಂಡಿದೆ ಎಂದುಕೊಂಡು ಗಾಬರಿಯಿಂದ ಆಫ್ ಮಾಡಿದೆ.

“ಸಿಕ್ಕೊಂಡಿಲ್ಲ ಕಣ್ರೀ, ಅದು ಇರೋದೇ ಹಂಗೆ” ಎಂದು ಅವನು ನಕ್ಕ.

ಅಮ್ಮಸಂದ್ರದ ಸಿಮೆಂಟು ಕಾರ್ಖಾನೆಯಲ್ಲಿ ಅವನು ಫಿಟ್ಟರು. ಊರು ದಬ್ಬೇಘಟ್ಟದ ಪಕ್ಕದ ಹಳ್ಳಿ. ತಂದೆ ಇರಲಿಲ್ಲ, ತಾಯಿ ತೋಟ ನೋಡಿಕೊಳ್ಳುತ್ತಿದ್ದರು. ಕ್ವಾರ್ಟರ್ಸಿನಲ್ಲಿ ಯಾರೋ ಎಂಜಿನಿಯರ ಮನೆಯ ನೀರಿನ ಮೋಟಾರು ರಿಪೇರಿಗೆ ಹೋದಾಗ, ರಜೆಗೆ ಬಂದಿದ್ದ ಅವರ ಮಗ ಒಳಗೆ ಈ ಟೇಪು ಹಾಕಿಕೊಂಡಿದ್ದನಂತೆ. ಇವನು ಸ್ಪ್ಯಾನರ್ ಕೈಯಲ್ಲಿ ಹಿಡಿದುಕೊಂಡು ಎರಡೂ ಬದಿ ಮುಗಿಯುವವರೆಗೆ ಕಿಟಕಿಯ ಹೊರಗೆ ನಿಂತು, ಆಮೇಲೆ ಅದನ್ನು ಕೇಳಿ ಇಸಿದುಕೊಂಡು ಬಂದನಂತೆ. ಹೆವಿ ಮೆಟಲ್ ಎಂದರೆ ಏನಯ್ಯ ಎಂದು ನಾನು ಒಮ್ಮೆ ಕೇಳಿದ್ದೆ.

“ನಮ್ಮ ಮಿಲ್ಲಿನೊಳ್ಗೆ ಕಲ್ಲು ಪುಡಿ ಮಾಡಾಕೆ ಕಬ್ಬಿಣದ ಗುಂಡು ಉರುಳ್ತಾವೆ. ದಿನಾ ಅದ್ರ ಪಕ್ಕ ನಿಂತೋನಿಗೆ ಕೊಳ್ಲು ಊದುದ್ರೆ ಕೇಳುಸ್ತದಾ ಸಾವ್ಕಾರ್ರೇ? ಇದು ಕೇಳುಸ್ತು, ಅಷ್ಟೇಯ.”

ಕೂದಲು ಹೆಗಲ ಮೇಲೆ ಬೀಳುತ್ತಿತ್ತು. ಕೆಲಸದಲ್ಲಿ ಅದನ್ನು ಹೆಲ್ಮೆಟ್ಟಿನೊಳಗೆ ತುರುಕಿಕೊಳ್ಳುತ್ತಿದ್ದ. ಬಸ್ಸಿನಲ್ಲಿ ಕಂಡವರು ಹರಕೆಯ ಕೂದಲು ಎಂದುಕೊಂಡು “ಮುಡಿ ಕೊಡೋದು ಯಾವಾಗಪ್ಪ?” ಎಂದು ಭಕ್ತಿಯಿಂದಲೇ ಕೇಳುತ್ತಿದ್ದರು. ಇವನೂ ಅಷ್ಟೇ ಭಕ್ತಿಯಿಂದ “ಮೂರ್ನೇ ಆಲ್ಬಂ ಆದ್ಮೇಲೆ” ಎನ್ನುತ್ತಿದ್ದ. ಆಗಿನ್ನೂ ಒಂದೂ ಆಗಿರಲಿಲ್ಲ.

ಬ್ಯಾಂಡಿನಲ್ಲಿ ಮೂವರು. ಗಿಟಾರು ಮತ್ತು ಹಾಡುವುದು ಇವನದು. ಡ್ರಮ್ಸು ರಂಗಸ್ವಾಮಿಯದು. ಅವನು ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ಟಿನಿಂದ ಬಂದವನು, ಬೀಗರು ಕಾಫಿ ಕುಡಿಯಲು ನಿಂತರೂ ಅವನ ಕೈ ನಿಲ್ಲುತ್ತಿರಲಿಲ್ಲ. ಮೂರನೆಯವನು ಲ್ಯಾನ್ಸಿ. ಮಂಗಳೂರಿನ ಹುಡುಗ, ತುರುವೇಕೆರೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತ, ತಗ್ಗು ದನಿಯ ಬೇಸ್ ಗಿಟಾರು ನುಡಿಸುತ್ತಿದ್ದ. ಭಾನುವಾರ ಮೂವರೂ ನನ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತರೆ ಗಿರಾಕಿಗಳಿಗೆ ಜಾಗ ಇರುತ್ತಿರಲಿಲ್ಲ. ಇನ್ನೂ ಹುಟ್ಟದ ಆಲ್ಬಮ್ಮಿನ ಬಗ್ಗೆ ಅವರ ಜಗಳ ಕೇಳಬೇಕಿತ್ತು.

“ಮೊದಲ ಹಾಡು ನಿಧಾನ ಇರಬೇಕು ಮಾರಾಯ, ಆಮೇಲೆ ಹೊಡೆಯೋದು” ಎಂದು ಲ್ಯಾನ್ಸಿ.

“ನಿಧಾನಕ್ಕೆ ಹೊಡ್ಯಾಕೆ ನಾನ್ಯಾಕೆ? ಗಡಿಯಾರ ಇಟ್ಕಳಿ” ಎಂದು ರಂಗ.

“ಮೊದುಲ್ನೇ ಹಾಡು ಕುರುವಾಯಿ” ಎಂದು ಇವನು ತೀರ್ಪು ಕೊಡುತ್ತಿದ್ದ. ಕುರುವಾಯಿ ಎಂದರೆ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ. ಅವನ ಹಾಡುಗಳೆಲ್ಲ ಇಂಥವೇ. ಒಂದು ಕುರುವಾಯಿಯ ಮೇಲೆ, ಒಂದು ಗರಿ ತಿನ್ನುವ ಕಪ್ಪುತಲೆ ಹುಳುವಿನ ಮೇಲೆ, ಒಂದು ಮಿಲ್ಲಿನ ಗುಂಡಿನ ಮೇಲೆ. ನಾನು ತಮಾಷೆಗೆ “ತೋಟಗಾರಿಕೆ ಇಲಾಖೆಯವರು ಕೊಂಡುಕೊಂಡಾರು ಕಣಯ್ಯ” ಎಂದೆ. ಅವನು ನಗಲಿಲ್ಲ. “ಬೇರೆ ದೇಶದೋರು ದೆವ್ವದ ಮ್ಯಾಲೆ ಹಾಡ್ತಾರೆ. ನಾನು ದೆವ್ವ ಕಂಡಿಲ್ಲ. ಕುರುವಾಯಿ ಕಂಡಿವ್ನಿ” ಎಂದ.

ಗಿಟಾರಿನ ಸದ್ದು ಒಡೆದಂತೆ ಬರಬೇಕೆಂದು ಅವನು ಹಳೆಯ ವಾಲ್ವ್ ರೇಡಿಯೋವೊಂದಕ್ಕೆ ವೈರು ಸೇರಿಸಿ, ಅದರ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ್ದ. ಚೆನ್ನಾಗಿದ್ದ ಸ್ಪೀಕರನ್ನು! ಹರಿದ ಸ್ಪೀಕರಿಗೆ ಅಂಟು ಹಚ್ಚಿ ಹೊಟ್ಟೆ ಹೊರೆಯುವ ನನಗೆ ಅದನ್ನು ನೋಡಿ ಎರಡು ದಿನ ಅವನ ಜೊತೆ ಮಾತಾಡಲು ಮನಸ್ಸಾಗಲಿಲ್ಲ.

ಮೊದಲ ಕ್ಯಾಸೆಟ್ಟಿಗೆ ಜಾಗ ಹುಡುಕಿದ್ದು ಒಂದು ದೊಡ್ಡ ಕಥೆ. ಶಾಲೆಯ ಹಾಲಿನಲ್ಲಿ ಸದ್ದು ಗೋಡೆಗೆ ಬಡಿದು ವಾಪಸ್ಸು ಬರುತ್ತಿತ್ತು. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ರಂಗನ ಡ್ರಮ್ಸೇ ಹಿಡಿಯಲಿಲ್ಲ. ಕಡೆಗೆ ಅವನ ಹಳ್ಳಿಯ ಮನೆ ನೋಡಿದೆವು. ನಮ್ಮ ಕಡೆಯ ತೋಟದ ಮನೆಗಳಲ್ಲಿ ಹೆಂಚಿನ ಕೆಳಗೆ ಹಲಗೆಯ ಅಟ್ಟ ಇರುತ್ತದೆ. ಕಾಯಿಯನ್ನು ಸಿಪ್ಪೆಯ ಸಮೇತ ಅಲ್ಲಿಗೆ ತುಂಬಿ ಒಂದು ವರ್ಷ ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿ ಆಗುತ್ತದೆ. ಆ ಮನೆಯ ನಡುಕೋಣೆಯ ಮೇಲೆ ಹೆಂಚು ಮುಟ್ಟುವ ತನಕ ಕಾಯಿ ತುಂಬಿತ್ತು. ಚಪ್ಪಾಳೆ ತಟ್ಟಿ ನೋಡಿದೆ. ಸದ್ದು ಹೋದದ್ದು ಹೋಯಿತು, ವಾಪಸ್ಸು ಬರಲಿಲ್ಲ. ಇಷ್ಟು ಒಳ್ಳೆಯ ಕೋಣೆ ನನಗೆ ಬೆಂಗಳೂರಿನಲ್ಲೂ ಸಿಕ್ಕಿರಲಿಲ್ಲ.

ಶಿವರಾತ್ರಿ ಕಳೆದಿತ್ತು. ಮೈಕು ನಿಲ್ಲಿಸಿದೆ. ಲ್ಯಾನ್ಸಿಯ ಸ್ಪೀಕರ್ ಪೆಟ್ಟಿಗೆಗೆ ಬೇರೆ ಜಾಗವಿಲ್ಲದೆ ಅಟ್ಟ ಹೊತ್ತ ಮರದ ಕಂಬಕ್ಕೇ ಒರಗಿಸಿದೆವು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಶುರು ಮಾಡಿ ಎಂದೆ. ಬೇಸಿನ ಮೊದಲ ಪೆಟ್ಟು ಬಿದ್ದದ್ದೇ ಅದರ ಹಿಂದೆಯೇ ಇನ್ನೊಂದು ಸದ್ದು. ಕಟಕಟ, ಲೊಟಲೊಟ. ವೈರು ಸಡಿಲ ಇರಬೇಕೆಂದು ಅಲುಗಿಸಿದೆ. ಇಲ್ಲ. ಹೆಗ್ಗಣವಿರಬೇಕು ಎಂದುಕೊಂಡೆ. ಹೆಡ್‌ಫೋನ್ ತೆಗೆದು ತಲೆ ಎತ್ತಿದರೆ ಇಡೀ ಅಟ್ಟವೇ ಮಾತಾಡುತ್ತಿದೆ! ಬೇಸಿನ ಅದುರು ಕಂಬ ಹತ್ತಿ, ಹಲಗೆಗೆ ದಾಟಿ, ಒಣಗಿದ ಅಷ್ಟೂ ಕಾಯಿಯೊಳಗಿನ ಕೊಬ್ಬರಿಯನ್ನು ಕುಣಿಸುತ್ತಿತ್ತು.

“ನಿಲ್ಸಿ, ನಿಲ್ಸಿ! ಟೇಪು ಹಾಳಾಯ್ತು” ಎಂದು ಕೂಗಿದೆ.

ಅವನು ಬಂದು ಹೆಡ್‌ಫೋನ್ ಹಾಕಿಕೊಂಡು ಕೇಳಿದ. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದ. ಆಮೇಲೆ ನೆಲದ ಮೇಲೆ ಕೂತು ನಗಲು ಶುರು ಮಾಡಿದ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು.

“ರಂಗ, ನಾಕ್ನೇ ಮೆಂಬ್ರು ಸಿಕ್ಕುದ್ರು ಕಣ್ಲಾ!”

ಅಷ್ಟು ಹೊತ್ತಿಗೆ ಅವನ ತಾಯಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. “ಏನ್ಲಾ, ಮನೆ ಉರುಳಿಸ್ತೀರೇನ್ಲಾ? ನಿಮ್ ಕೈಗೆ ಗರ ಬಡಿಯ! ನಾಳೆ ಸುಲಿಯೋರು ಬತ್ತಾರೆ, ಅಲ್ಲೀಗಂಟ ಅಟ್ಟ ನಿಂತಿರ್ಲಿ” ಎಂದರು. ಕೊಬ್ಬರಿ ಆಗಲೇ ಒಣಗಿದ್ದರಿಂದ ಬೈದು ಅಷ್ಟಕ್ಕೇ ಬಿಟ್ಟರು. ಆ ಲೊಟಲೊಟದ ಸಮೇತವೇ ಅವತ್ತು ಇಡೀ ಕ್ಯಾಸೆಟ್ ರೆಕಾರ್ಡ್ ಆಯಿತು.

ಕ್ಯಾಸೆಟ್ಟು ನನ್ನ ಅಂಗಡಿಯಿಂದಲೇ ಮಾರಾಟವಾಯಿತು. ಕಾಲೇಜು ಹಾಸ್ಟೆಲಿನ ಹುಡುಗರು, ಲಾರಿ ಡ್ರೈವರುಗಳು ಕೊಂಡರು. ನಿದ್ದೆ ಬರುವುದಿಲ್ಲವಂತೆ, ಅದಕ್ಕೆ. ಒಬ್ಬ ಕ್ಷೌರದಂಗಡಿಯವರು ವಾಪಸ್ಸು ತಂದು “ಇದ್ರಲ್ಲಿ ಬರೀ ಗರ್ ಅಂತೈತೆ, ವಸಿ ಹೆಡ್ ಕ್ಲೀನ್ ಮಾಡ್ಕೊಡಿ” ಎಂದರು. ನಾನು ಒಂದು ಭಜನೆಯ ಕ್ಯಾಸೆಟ್ ಕೊಟ್ಟು ಕಳಿಸಿದೆ. ಇದನ್ನು ಕೇಳಿ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಂದವರಿಗೆಲ್ಲ ಆ ಕಥೆ ಹೇಳಿಕೊಂಡು ತಿರುಗಿದ.

ನಮ್ಮೂರಿನ ವಾರಪತ್ರಿಕೆಯೊಂದರ ಸಂಪಾದಕರು ಇವನ ಸಂದರ್ಶನ ಮಾಡಲು ಬಂದರು. ಸಂಪಾದಕರೂ ಅವರೇ, ವರದಿಗಾರರೂ ಅವರೇ, ಮನೆಮನೆಗೆ ಹಾಕುವವರೂ ಅವರೇ. ನನ್ನ ಬೆಂಚಿನ ಮೇಲೆಯೇ ಸಂದರ್ಶನ.

“ತಮ್ಮ ಸಂಗೀತದ ವೈಶಿಷ್ಟ್ಯವೇನು?”

“ಭಾರ.”

“ಎರಡನೇ ಆಲ್ಬಂ ಯಾವಾಗ ನಿರೀಕ್ಷಿಸಬಹುದು?”

“ಕಾಯಿ ಒಣಗಿದ್ಮೇಲೆ.”

“ಮೊದಲನೆಯದಕ್ಕೂ ಇದಕ್ಕೂ ವ್ಯತ್ಯಾಸ?”

“ಹೋದ್ಸಲ ತಾನಾಗೇ ಆಗೋಯ್ತು. ಈ ಸಲ ಬೇಕೂಂತ ಮಾಡ್ತೀವಿ.”

ಅದನ್ನು ಅವರು ಕೊಬ್ಬರಿ ಧಾರಣೆಯ ಪಕ್ಕದಲ್ಲಿ ಅಚ್ಚು ಹಾಕಿದರು. ಆ ವಾರ ಇಬ್ಬರು ವರ್ತಕರು ಅಂಗಡಿಗೆ ಬಂದು “ಯಾವ ತೋಟದ ಮಾಲು ಸ್ವಾಮಿ? ಕಾಯಿ ಅಷ್ಟು ಭಾರ ಬತ್ತದಾ?” ಎಂದು ವಿಚಾರಿಸಿಕೊಂಡು ಹೋದರು.

ಜನ ನಕ್ಕರು. ಅವನು ಮಾತ್ರ ತಮಾಷೆಗೆ ಹೇಳಿರಲಿಲ್ಲ. ಎರಡನೆಯ ಕ್ಯಾಸೆಟ್ಟಿಗೆ ಅವನು ಹೊಸದಾಗಿ ಬರೆದ ಹಾಡುಗಳಲ್ಲೂ, ತಿದ್ದಿ ಬರೆದ ಕುರುವಾಯಿ, ಕಪ್ಪುತಲೆ ಹುಳುವಿನ ಹಾಡುಗಳಲ್ಲೂ ಬೇಸಿನ ಪ್ರತಿ ಪೆಟ್ಟಿನ ಹಿಂದೆ ಅಟ್ಟದ ಸದ್ದಿಗೆ ಜಾಗ ಬಿಟ್ಟಿದ್ದ. ಹೊಡೆ, ನಿಲ್ಲು, ಕಾಯಿ ಮಾತಾಡಲಿ, ಮತ್ತೆ ಹೊಡೆ. ಕಾಯಿ ಇಲ್ಲದೆ ನುಡಿಸಿದರೆ ಹಲ್ಲು ಉದುರಿದ ಬಾಯಿಯಂತೆ ಅಲ್ಲಲ್ಲಿ ಖಾಲಿ ಕೇಳಿಸುತ್ತಿತ್ತು. ಆದರೆ ಹಳೆಯ ಕಾಯಿ ಸುಲಿದು ಕೊಬ್ಬರಿ ಮಾರಿ ಆಗಿತ್ತು. ಅಟ್ಟಕ್ಕೆ ಹೊಸ ಕಾಯಿ ಏರಿತ್ತು. ಒಳಗೆ ನೀರು ತುಂಬಿದ ಹಸಿಕಾಯಿ, ಅಲ್ಲಾಡಿಸಿದರೆ ಬರೀ ಕುಳುಕುಳು. ಒಂದು ವರ್ಷ ಕಾಯಬೇಕು.

ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸೋಣ ಎಂದು ರಂಗ. ಬೇರೆ ಯಾರದಾದರೂ ಅಟ್ಟ ಕೇಳೋಣ ಎಂದು ಲ್ಯಾನ್ಸಿ. ಒಬ್ಬಿಬ್ಬರನ್ನು ಕೇಳಿಯೂ ನೋಡಿದರು. ಹೆವಿ ಮೆಟಲ್ಲಿಗೆ ಅಟ್ಟ ಯಾರು ಕೊಡುತ್ತಾರೆ? ಅವನ ತಾಯಿಯಂತೂ ಕಟ್ಟುನಿಟ್ಟಾಗಿ ಹೇಳಿಬಿಟ್ಟರು.

“ಅಟ್ಟಕ್ಕಾಕಿದ ಹಸಿಕಾಯಿ ಅಲುಗಿಸ್ಬಾರ್ದು ಕಣ್ಲಾ. ಅಲುಗುದ್ರೆ ಕೊಳೀತಾವೆ. ವರ್ಸದ ಅನ್ನ ಅದು. ಒಣಗೋಗಂಟ ಈ ಮನೇಲಿ ಒಂದ್ ಸದ್ದು ಆಗ್ಕೂಡ್ದು. ಆಮ್ಯಾಕೆ ನಿನ್ ಇಷ್ಟ.”

“ಆಯ್ತು ಕಣವ್ವ” ಎಂದ ಅವನು. ಮಾತು ಕೊಟ್ಟ ಮೇಲೆ ಅವನು ತಪ್ಪುವವನಲ್ಲ.

ಬೇರೆಡೆ ಅಭ್ಯಾಸ ಮಾಡಲು ನೋಡಿದರು. ತೋಟದ ಪಂಪ್‌ಸೆಟ್ ಮನೆಯಲ್ಲಿ ಒಂದು ದಿನ ಬಾರಿಸಿದ್ದಕ್ಕೆ ಪಕ್ಕದ ತೋಟದವರ ಎಮ್ಮೆ ಹಗ್ಗ ಕಿತ್ತುಕೊಂಡು ದಬ್ಬೇಘಟ್ಟದ ಬಸ್ಸು ನಿಲ್ಲುವ ಜಾಗಕ್ಕೆ ಬಂದು ನಿಂತಿತಂತೆ. ಎಮ್ಮೆ ಹಾಲು ಕೊಡುವುದು ನಿಲ್ಲಿಸಿದೆ ಎಂದು ಪಂಚಾಯ್ತಿ ಆಯಿತು. ಅಲ್ಲಿಗೆ ಅದೂ ಮುಗಿಯಿತು.

ಕಡೆಗೆ ಅವನು ಮಾಡಿದ್ದೇನು ಗೊತ್ತೆ? ಸದ್ದಿಲ್ಲದೆ ಅಭ್ಯಾಸ! ಒಂದು ಭಾನುವಾರ ಹೋಗಿ ಕಣ್ಣಾರೆ ನೋಡಿದೆ. ಅಟ್ಟದ ಕೆಳಗೆ ಮೂವರೂ ನಿಂತಿದ್ದಾರೆ. ಗಿಟಾರುಗಳಿಗೆ ವೈರಿಲ್ಲ. ರಂಗನ ಮುಂದೆ ತೆಂಗಿನ ನಾರು ತುಂಬಿದ ಗೋಣಿಚೀಲಗಳು, ಅವುಗಳ ಮೇಲೆ ಕಡ್ಡಿ ಆಡಿಸುತ್ತಿದ್ದಾನೆ. ಇವನು ತಲೆ ಕೊಡವಿ, ಕತ್ತಿನ ನರ ಉಬ್ಬಿಸಿ, ಬಾಯಿ ಇಷ್ಟಗಲ ತೆರೆದು ಹಾಡುತ್ತಿದ್ದಾನೆ. ಒಂದು ಪಿಸುಮಾತೂ ಹೊರಗೆ ಬರುತ್ತಿಲ್ಲ. ಹೊರಗೆ ಕಾಗೆ ಕೂಗಿದ್ದು ಕೇಳಿಸಿತು. ನಾನು ನಗು ತಡೆಯಲಾರದೆ ದನದ ಹಟ್ಟಿಗೆ ಓಡಿಹೋದೆ. ನಿಜ ಹೇಳಬೇಕೆಂದರೆ, ಅವರ ಸಂಗೀತದಲ್ಲಿ ನನಗೆ ತಲೆನೋವು ಬಾರದೆ ಇದ್ದದ್ದು ಅವತ್ತೊಂದೇ ದಿನ.

ಅವನ ತಾಯಿ ಬಾಗಿಲಲ್ಲಿ ಕೂತು ತೆಂಗಿನ ಗರಿ ಸೀಳಿ ಪೊರಕೆಯ ಕಡ್ಡಿ ತೆಗೆಯುತ್ತಾ ಇದನ್ನೆಲ್ಲ ನೋಡುತ್ತಿದ್ದರು. ಮೊದಮೊದಲು ಕಾವಲು ಕೂತಿದ್ದರೋ ಏನೋ. ಬರಬರುತ್ತಾ ಅವರ ಕಣ್ಣು ರಂಗನ ಕೈಯ ಮೇಲೆ ನಿಂತಿತು. ನಾನು ಅಲ್ಲಿದ್ದಾಗಲೇ ಒಮ್ಮೆ ತಟ್ಟನೆ ಹೇಳಿದರು:

“ಲೇ ರಂಗ, ಇಲ್ಲಿ ಎಲ್ಡು ಏಟಲ್ವೇನ್ಲಾ? ಹೋದ್ವಾರ ಎಲ್ಡು ಒಡ್ದೆ, ಈವತ್ತು ಒಂದೇಯ.”

ಮೂವರೂ ಆಟ ನಿಲ್ಲಿಸಿ ಅವರನ್ನೇ ನೋಡಿದರು. ರಂಗ ತಲೆ ಕೆರೆದುಕೊಂಡ. ಅವರು ಹೇಳಿದ್ದೇ ಸರಿ.

ಮಳೆಗಾಲ ಕಳೆಯುವ ಹೊತ್ತಿಗೆ ರಂಗನಿಗೆ ರೋಸಿಹೋಯಿತು. ಬ್ಯಾಂಡ್‌ಸೆಟ್ಟಿನವರು ವಾಪಸ್ಸು ಕರೆಯುತ್ತಿದ್ದರು, ಕೈ ತುಂಬ ಲಗ್ನಗಳು. ನನ್ನ ಅಂಗಡಿಯ ಮುಂದೆಯೇ ಜಗಳವಾಯಿತು.

“ಗೋಣಿಚೀಲ ಬಡ್ಯಾಕೆ ನಾನೇ ಬೇಕೇನ್ಲಾ? ಬ್ಯಾರೆ ಕಡೆ ಎಲ್ಲಾರ ರೆಕಾರ್ಡ್ ಮಾಡನ, ಇಲ್ಲಾಂದ್ರೆ ನನ್ ಬುಟ್ಬುಡು.”

ಅವನು ಮೆಲ್ಲಗೆ ಹೇಳಿದ:

“ಹೋದ್ಸಲದ್ದು ಕಾಯಿ ಮಾಡಿದ್ದು, ನಾನ್ ಮಾಡಿದ್ದಲ್ಲ. ಈ ಸಲದ್ದು ನಾನ್ ಮಾಡಿದ್ದು ಕಣ್ಲಾ. ಇದಾಗ್ಲಿಲ್ಲ ಅಂದ್ರೆ ನಾನು ಬರೀ ಫಿಟ್ರು. ಸಾಯೋಗಂಟ ಫಿಟ್ರು. ಕಾಯಿ ಒಣಗೋಗಂಟ ಇರು. ಆಮೇಲೆ ನೀನು ಎಲ್ಲಿಗಾದ್ರೂ ಹೋಗು.”

ರಂಗ ಬೀಡಿ ಹಚ್ಚಿಕೊಂಡು ಹೋದ. ಮುಂದಿನ ಭಾನುವಾರ ಗೋಣಿಚೀಲದ ಮುಂದೆ ಕೂತಿದ್ದ.

ಆದರೆ ಕಷ್ಟ ಬಂದದ್ದು ಬೇರೆ ದಿಕ್ಕಿನಿಂದ. ಸಂಕ್ರಾಂತಿ ಆದ ಮೇಲೆ ಲ್ಯಾನ್ಸಿಗೆ ಬೀದರದ ಕಡೆಗೆ ವರ್ಗವಾಯಿತು. ರೆಕಾರ್ಡಿಂಗಿಗೆ ರಜೆ ಹಾಕಿ ಬಂದೇ ಬರುತ್ತೇನೆ ಎಂದು ಹೇಳಿ, ತನ್ನ ಗಿಟಾರೂ ಸ್ಪೀಕರ್ ಪೆಟ್ಟಿಗೆಯೂ ಹೊತ್ತುಕೊಂಡು ಹೋದ. ಕಾಯಿ ಒಣಗಿತು. ತಾಯಿ ಮಗ ಇಬ್ಬರೂ ಅಲ್ಲಾಡಿಸಿ ನೋಡಿ ದಿನ ಗೊತ್ತು ಮಾಡಿದರು. ಮಾರನೆಯ ದಿನಕ್ಕೆ ಸುಲಿಯುವ ಆಳುಗಳಿಗೂ ಹೇಳಿಯಾಗಿತ್ತು. ಅವರು ಒಂದು ಸಲ ತಪ್ಪಿದರೆ ಮತ್ತೆ ಸಿಗುವುದು ಯಾವಾಗಲೋ, ಅಷ್ಟರಲ್ಲಿ ಕೊಬ್ಬರಿ ಕೌಟು ಹಿಡಿಯುತ್ತದೆ. ರೆಕಾರ್ಡಿಂಗಿನ ದಿನ ಬೆಳಿಗ್ಗೆ ನಾನು ಡೆಕ್ಕಿಗೆ ಕಂಬಳಿ ಸುತ್ತುತ್ತಿದ್ದಾಗ ಪಕ್ಕದ ಮೆಡಿಕಲ್ ಸ್ಟೋರಿಗೆ ಟ್ರಂಕ್ ಕಾಲ್ ಬಂತು. ಲ್ಯಾನ್ಸಿಯದು. ರಜೆ ಸಿಗಲಿಲ್ಲವಂತೆ. ಅಳುವ ದನಿಯಲ್ಲಿ ಎರಡು ಸಲ ಕ್ಷಮೆ ಕೇಳಿದ.

ಬಸ್ಸಿನಲ್ಲಿ ಡೆಕ್ಕು ತೊಡೆಯ ಮೇಲೆ ಇಟ್ಟುಕೊಂಡು ಹೋಗುವಾಗ, ಇದನ್ನು ಹೇಗಪ್ಪ ಹೇಳುವುದು ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದೆ. ಅವನು ಅಟ್ಟದ ಕಂಬಕ್ಕೆ ಒರಗಿ ಕೂತುಬಿಟ್ಟ. ಹೆಗಲ ಮೇಲಿನ ಗಿಟಾರು ಇಳಿಸಿ ಗೋಡೆಗೆ ಆನಿಸಿದ. ಪಾಪ ಅನ್ನಿಸಿತು. ಒಂದು ವರ್ಷ ಬಾಯಿ ಕಟ್ಟಿಕೊಂಡು ಹಾಡಿದ ಮನುಷ್ಯ.

ಪೊರಕೆ ಕಟ್ಟುತ್ತಿದ್ದ ಅವನ ತಾಯಿ ತಲೆ ಎತ್ತಿದರು.

“ಆ ಮಂಗ್ಳೂರ್ ಹುಡ್ಗ ಬರ್ಲಿಲ್ಲ ಅಂದ್ರೆ ಏನಾಯ್ತದ್ಲಾ?”

“ಕಾಯಿ ಅಲುಗಲ್ಲ ಕಣವ್ವ. ಅವನ ಪೆಟ್ಗೆಯಿಂದ್ಲೇ ಅಲುಗ್ತಿದ್ದಿದ್ದು. ನನ್ ರೇಡಿಯೋ ಪೆಟ್ಗೆಗೆ ಅಷ್ಟು ಶಕ್ತಿಯಿಲ್ಲ.”

“ಅಷ್ಟೇಯ? ಪೆಟ್ಗೆ ಇಲ್ಲಾಂದ್ರೆ ಕಾಲಿಲ್ವಾ?”

ನಮಗೆ ಅರ್ಥವಾಗಲಿಲ್ಲ. ಅವರು ಎದ್ದು ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಪಕ್ಕದ ಮನೆಯ ಇಬ್ಬರು ಹೆಂಗಸರನ್ನು ಕೂಗಿ ಕರೆದರು. ಏಣಿ ಹಾಕಿಸಿ ಮೂವರೂ ಅಟ್ಟ ಹತ್ತಿ, ಕಾಯಿ ಸರಿಸಿ ನಿಲ್ಲಲು ಜಾಗ ಮಾಡಿಕೊಂಡರು. ಮೇಲಿನಿಂದ ಅವರ ದನಿ: “ಲೇ, ನೀವು ಶುರು ಮಾಡ್ರುಲಾ. ಎಲ್ಲಿ ಏಟು ಬೀಳ್ಬೇಕು ಅಂತ ನಂಗೊತ್ತು. ನಾನ್ ತುಳಿದಂಗೆ ಇವ್ರು ತುಳೀತಾರೆ.”

“ಅವ್ವ, ಬಿದ್ಗಿದ್ದೀಯ!”

“ನಾನ್ ಹುಟ್ಟಿದಾಗ್ಲಿಂದ ಅಟ್ಟ ಹತ್ತಿವ್ನಿ. ನಿನ್ ಕೆಲ್ಸ ನೋಡ್ಲಾ.”

ಅವನು ನನ್ನ ಮುಖ ನೋಡಿದ. ನಾನು ಡೆಕ್ಕಿನ ಗುಂಡಿ ಒತ್ತಿದೆ.

ಆಮೇಲೆ ನಡೆದದ್ದನ್ನು ಹೇಗೆ ಬರೆಯಲಿ? ಒಂದು ವರ್ಷ ಒಳಗೇ ಅದುಮಿಟ್ಟ ಸದ್ದು ಒಮ್ಮೆಲೇ ಹೊರಗೆ ಬಂತು. ರಂಗ ಡ್ರಮ್ಸಿನ ಮೇಲೆ ಹಗೆ ಇದ್ದವನಂತೆ ಬಿದ್ದ. ಮೇಲೆ ಮೂವರು ಹೆಂಗಸರು ತೊಲೆ ಹಿಡಿದು ನಿಂತು ಹಲಗೆ ತುಳಿದರು, ಧಡ್ ಎಂದು ಒಂದು ಪೆಟ್ಟು, ಅದರ ಹಿಂದೆಯೇ ಅಟ್ಟದ ತುಂಬಾ ಕೊಬ್ಬರಿ. ಹೋದ ಸಲ ಬೇಸಿನ ಹಿಂದೆ ತಡವರಿಸಿಕೊಂಡು ಬಂದಿದ್ದ ಸದ್ದು ಈಗ ಅವನು ಬಿಟ್ಟ ಜಾಗದಲ್ಲೇ ಸರಿಯಾಗಿ ಬಂದು ಕೂರುತ್ತಿತ್ತು. ಮಸಿ, ಧೂಳು, ಜೇಡರ ಬಲೆ ಎಲ್ಲಾ ನಮ್ಮ ತಲೆಯ ಮೇಲೆ ಸುರಿಯಿತು. ನಾನು ಟವೆಲು ಬಿಚ್ಚಿ ಡೆಕ್ಕಿನ ಮೇಲೆ ಹಿಡಿದುಕೊಂಡು ಕೂತೆ. ಕಪ್ಪುತಲೆ ಹುಳುವಿನ ಹಾಡಿಗೆ ಬರುವಷ್ಟರಲ್ಲಿ ಮೇಲಿನ ಹೆಂಗಸರು ಕಿಲಕಿಲ ನಗುತ್ತಾ ತುಳಿಯುತ್ತಿದ್ದರು. ಅದೂ ಟೇಪಿನಲ್ಲಿದೆ.

ಕೊನೆಯ ಒಂದು ಹಾಡು ಉಳಿದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯವರೆಗೆ ಕಾದೆವು, ಬರಲಿಲ್ಲ. ನಾನು ಕಡೆಯ ಬಸ್ಸು ಹಿಡಿದೆ. ಮಾರನೆಯ ದಿನ ಆಳುಗಳು ಬಂದು ಕಾಯಿ ಸುಲಿದರು.

“ಇರ್ಲಿ ಬುಡಿ, ಮೂರ್ನೇ ಆಲ್ಬಂ ಆ ಹಾಡಿನಿಂದ್ಲೇ ಶುರು” ಎಂದ ಅವನು. ಮುಖದಲ್ಲಿ ಎಷ್ಟು ಕಳೆ! ಟೇಪಿನ ಕೊನೆಗೆ ತಾಯಿ ಮಗ ಆಡಿದ ಎರಡು ಮಾತು ಸೇರಿಕೊಂಡಿತ್ತು. ಪ್ರತಿ ಮಾಡುವಾಗ ಅದನ್ನು ತೆಗೆಯಲೇ ಎಂದು ಕೇಳಿದೆ. ಬೇಡ ಎಂದ.

ಆ ಕ್ಯಾಸೆಟ್ಟು ಮೊದಲನೆಯದಕ್ಕಿಂತ ಕಡಿಮೆ ಹೋಯಿತು. ಅವನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ರಂಗ ಬ್ಯಾಂಡ್‌ಸೆಟ್ಟಿಗೆ ವಾಪಸ್ಸು ಹೋದ. ಅದಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಾಯಿ ಜ್ವರ ಬಂದು ಮಲಗಿದವರು ಏಳಲಿಲ್ಲ. ಅವನು ಕಾರ್ಖಾನೆಯಲ್ಲೇ ಇದ್ದ. ಮದುವೆಯಾಯಿತು, ಮಕ್ಕಳಾದವು, ನಿವೃತ್ತಿಯೂ ಆಯಿತು. ತಿಪಟೂರಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಕೌಂಟರಿನ ಮೇಲೆ ಕಾಯಿ ಇಟ್ಟು ಮೂರನೆಯ ಆಲ್ಬಮ್ಮಿನ ಮಾತು ಶುರು ಮಾಡುತ್ತಿದ್ದ. ಇದು ಎರಡನೆಯದಕ್ಕಿಂತ ಭಾರ ಸಾವ್ಕಾರ್ರೇ. ಇದರಲ್ಲಿ ನಾಲ್ಕೇ ಹಾಡು, ಆದರೆ ಉದ್ದ. ಯಾವಾಗ ಎಂದರೆ ಅದೇ ಉತ್ತರ: ಕಾಯಿ ಒಣಗಲಿ.

ಕಾಯಿ ವರ್ಷವರ್ಷವೂ ಒಣಗುತ್ತಿತ್ತು. ಮನೆ ಅದೇ, ಅಟ್ಟ ಅದೇ. ಬೀದರದಿಂದ ಊರಿಗೆ ಮರಳಿದ ಲ್ಯಾನ್ಸಿ ಪೆಟ್ಟಿಗೆ ಸಮೇತ ಬರುತ್ತೇನೆ ಎಂದು ಎಷ್ಟೋ ಸಲ ಹೇಳಿ ಕಳಿಸಿದ್ದ. ಒಮ್ಮೆ ನಾನು ರೇಗಿ ಕೇಳಿಯೇ ಬಿಟ್ಟೆ.

“ಏನಯ್ಯ ನಿನ್ನ ಕಷ್ಟ? ಕಾಯಿ ಒಣಗಿಲ್ಲವಾ? ರಂಗ ಇಲ್ಲವಾ? ನಾನು ಸತ್ತಿದ್ದೀನಾ? ಯಾಕೆ ಮಾಡ್ತಿಲ್ಲ?”

ಅವನು ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸಲಿಲ್ಲ. ಸುಮ್ಮನೆ ತಿರುಗಿಸುತ್ತಾ ಕೂತ.

“ಮ್ಯಾಲೆ ಯಾರ್ರೀ ಇರ್ತಾರೆ?” ಎಂದ.

ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಕಳೆದ ತಿಂಗಳು ರಂಗಸ್ವಾಮಿ ಬಂದದ್ದು ಸುದ್ದಿ ಹೇಳಲು. ಅವನಿಗೂ ವಯಸ್ಸಾಗಿದೆ. “ಕೂದ್ಲು ಬೆಳ್ಳಗಾಗಿ ವಸೀನೇ ಉಳ್ದಿತ್ತು ಸಾವ್ಕಾರ್ರೇ. ಆದ್ರೂ ಹೆಗಲ್ ಮ್ಯಾಲೇ ಇತ್ತು. ಮುಡಿ ಕೊಡ್ಲೇ ಇಲ್ಲ” ಎಂದ. ಆಮೇಲೆ ಆ ಟೇಪು ಇದೆಯಾ ಎಂದು ಕೇಳಿದ. ಅಂಗಡಿ ಈಗ ನನ್ನ ಮಗನದು, ಅಲ್ಲಿ ಮೊಬೈಲು ಮಾರುತ್ತಾನೆ. ಹಳೆಯ ಡೆಕ್ಕು ಮನೆಯಲ್ಲಿದೆ. ಕರೆದುಕೊಂಡು ಹೋಗಿ ಹಾಕಿದೆ.

ತಲೆನೋವಿನ ಸಂಗೀತವೇ. ಆದರೂ ಪೂರ್ತಿ ಕೇಳಿದೆವು. ಕುರುವಾಯಿ ಮುಗಿಯಿತು, ಹೆಂಗಸರ ನಗು ಬಂತು, ಕಪ್ಪುತಲೆ ಹುಳು ಮುಗಿಯಿತು. ಆಮೇಲೆ ಧೂಳು ಬೀಳುವ ಸದ್ದು ಮಾತ್ರ. ಮೇಲಿನಿಂದ, ಏದುಸಿರಿನ ನಡುವೆ, ಅವನ ತಾಯಿಯ ದನಿ:

“ಆಯ್ತೇನ್ಲಾ? ಇಳೀಲಾ?”

ಕೆಳಗಿನಿಂದ ಅವನು, ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸಿನ ಅವನು:

“ಇನ್ನೊಂದೈತೆ ಕಣವ್ವ. ಅಲ್ಲೇ ಇರು.”

ಅಲ್ಲಿಗೆ ಕರೆಂಟು ಹೋಗಿತ್ತು. ಟೇಪಿನಲ್ಲಿ ಟಕ್ ಎಂದಿತು, ಮುಂದೆ ಖಾಲಿ. ಆಫ್ ಮಾಡಲು ಕೈ ಚಾಚಿದೆ. ರಂಗಸ್ವಾಮಿ ನನ್ನ ಕೈ ಹಿಡಿದುಕೊಂಡ.

“ಓಡ್ಲಿ ಬುಡಿ. ಇನ್ನೊಂದೈತೆ ಅಂದವ್ನೆ” ಎಂದ.